ಮೊಮ್ಮಗನಿಗೊಂದು ಬೀಗ, ಅಜ್ಜನಿಗೊಂದು ಬೀಗ: ಮನೆಯ ಎಲ್ಲ ವಯಸ್ಸಿನವರಿಗೂ ಆನ್‌ಲೈನ್ ಎಚ್ಚರಿಕೆ

ದಾವಣಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಜೆರಾಕ್ಸ್. ದಿನವಿಡೀ ನಡೆಯುವುದು ಆನ್‌ಲೈನ್ ಅರ್ಜಿಯ ಕೆಲಸ. ಗೃಹಲಕ್ಷ್ಮಿ, ಸ್ಕಾಲರ್‌ಶಿಪ್, ಪಹಣಿ, ಪಾನ್ ಕಾರ್ಡ್, ರೈಲು ಟಿಕೆಟ್. ಹಾಗಾಗಿ ಊರಿನ ಎಲ್ಲ ವಯಸ್ಸಿನವರ ಫೋನೂ ನನ್ನ ಟೇಬಲ್ ಮೇಲೆ ಬಂದು ಕೂರುತ್ತದೆ. ಮೋಸ ಹೋದವರೂ ಮೊದಲು ಇಲ್ಲಿಗೇ ಬರುತ್ತಾರೆ, ಸ್ಟೇಷನ್‌ಗೆ ಹೋಗುವುದಿಲ್ಲ. "ಅಣ್ಣಾ, ಮನೇಲಿ ಮಾತ್ರ ಹೇಳಬೇಡ" ಅಂತ ಶುರು ಮಾಡುತ್ತಾರೆ. ಪಿಯುಸಿ ಹುಡುಗನದೂ ಅದೇ ಮಾತು. ರಿಟೈರ್ಡ್ ಮೇಷ್ಟ್ರದೂ ಅದೇ ಮಾತು, "ತಮ್ಮಾ, ನನ್ನ ಮಗನಿಗೆ ಗೊತ್ತಾಗಬಾರದಪ್ಪ" ಅಂತ.

ವಯಸ್ಸಿಗೆ ತಕ್ಕಂತೆ ಬಲೆ ಬೇರೆ ಬೇರೆ. ಸಿಕ್ಕಿಬಿದ್ದ ಮೇಲೆ ಹಿಡಿಯುವ ಭಯ ಮಾತ್ರ ಎಲ್ಲರಿಗೂ ಒಂದೇ: ಮನೆಯವರು ಬೈಯುತ್ತಾರೆ. ಆ ಭಯದಲ್ಲಿ ಕಳೆಯುವ ಎರಡು ಮೂರು ಗಂಟೆಯಲ್ಲೇ ದುಡ್ಡು ಕೈ ಜಾರುತ್ತದೆ. ಆದ್ದರಿಂದ ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮೊದಲು ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿಬಿಡಿ: "ಫೋನಿನಲ್ಲಿ ಏನೇ ಎಡವಟ್ಟಾದರೂ ಬಂದು ಹೇಳಿ. ಯಾರೂ ಬೈಯಲ್ಲ, ಫೋನೂ ಕಿತ್ತುಕೊಳ್ಳಲ್ಲ." ಹೇಳಿದ ಮೇಲೆ ಮಾತು ಉಳಿಸಿಕೊಳ್ಳಬೇಕು, ಅದೇ ಕಷ್ಟ. ಒಂದು ಸಲ ಬೈದರೆ ಮುಗಿಯಿತು, ಮುಂದಿನ ಸಲ ಅವರು ನಿಮ್ಮ ಹತ್ತಿರ ಬರುವುದಿಲ್ಲ.

ದುಡ್ಡು ಈಗಷ್ಟೇ ಹೋಗಿದ್ದರೆ ಇಷ್ಟನ್ನು ಮೊದಲು ಓದಿ

1. 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯಲ್ಲಿ ಹಣ ಕಳೆದುಕೊಂಡವರಿಗೆಂದೇ ಇರುವ ನಂಬರ್ ಇದು. ಕದ್ದ ಹಣ ಒಂದೇ ಖಾತೆಯಲ್ಲಿ ಕೂರುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟಿ ಕೊನೆಗೆ ಯಾವುದೋ ಎಟಿಎಂನಲ್ಲಿ ಹೊರಬರುತ್ತದೆ. ದೂರು ದಾಖಲಾದ ತಕ್ಷಣ ಹಣ ಹೋದ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ. ಅಲ್ಲಿ ಇನ್ನೂ ಉಳಿದಿರುವ ಹಣವನ್ನು ತಡೆಹಿಡಿಯಬಹುದು. ಫೋನ್ ಮಾಡುವಾಗ ನಿಮ್ಮ ಬ್ಯಾಂಕಿನ ಹೆಸರು, ಮೊತ್ತ, ಸಮಯ, ವ್ಯವಹಾರದ ನಂಬರ್ ಕೈಯಲ್ಲಿರಲಿ. ಯುಪಿಐ ಆದರೆ ಅದು 12 ಅಂಕಿಯದು, ಆ್ಯಪ್‌ನ ಹಿಸ್ಟರಿಯಲ್ಲಿ ಸಿಗುತ್ತದೆ.

2. ಬ್ಯಾಂಕಿಗೆ ಹೇಳಿ ಕಾರ್ಡ್, ಯುಪಿಐ, ನೆಟ್‌ಬ್ಯಾಂಕಿಂಗ್ ಬ್ಲಾಕ್ ಮಾಡಿಸಿ. ಬ್ಯಾಂಕಿನ ನಂಬರನ್ನು ಎಟಿಎಂ ಕಾರ್ಡಿನ ಹಿಂಭಾಗದಿಂದ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಕಸ್ಟಮರ್ ಕೇರ್ ಹೆಸರಲ್ಲಿ ಕಳ್ಳರೇ ನಂಬರ್ ಹಾಕಿಕೊಂಡಿರುತ್ತಾರೆ.

3. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ಕೊಡಿ. ಎಸ್‌ಎಂಎಸ್, ಚಾಟ್, ಕಾಲ್ ಲಿಸ್ಟ್ ಯಾವುದನ್ನೂ ಅಳಿಸಬೇಡಿ. ನಾಚಿಕೆಯಾಗಿ ಎಲ್ಲ ಅಳಿಸಿ ಬಂದವರನ್ನು ಸುಮಾರು ನೋಡಿದ್ದೇನೆ. ಪುರಾವೆಯೇ ಇಲ್ಲದಿದ್ದರೆ ಪೊಲೀಸರು ಹಿಡಿಯುವುದಾದರೂ ಯಾವ ದಾರಿ?

4. ನಂತರ ಠಾಣೆ. ಜಿಲ್ಲೆಯಲ್ಲಿ ಇಂಥ ಅಪರಾಧಗಳಿಗೆಂದೇ ಸಿಇಎನ್ ಠಾಣೆ ಇದೆ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯವರು ದೂರ ಅಂತ ನಾಳೆಗೆ ಮುಂದೂಡಬೇಡಿ. ಮೊದಲ ಮೂರು ಕೆಲಸ ಕೂತಲ್ಲಿಂದಲೇ ಆಗುತ್ತವೆ.

"ನಾನೇ ಓಟಿಪಿ ಹೇಳಿಬಿಟ್ಟೆ, ಇನ್ನೇನು ದೂರು ಕೊಡೋದು" ಅಂತ ಸುಮ್ನೆ ಕೂರುವವರೂ ಇದ್ದಾರೆ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋಗಿ, ಬ್ಯಾಂಕಿನಿಂದ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ನಷ್ಟ ನಿಮ್ಮದಲ್ಲ. ಓಟಿಪಿ ಕೊಟ್ಟಿದ್ದರೆ ನೀವು ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಆಗುವುದು ಬ್ಯಾಂಕಿನದು. ಅಂದರೆ ತಪ್ಪು ನಿಮ್ಮದಾಗಿದ್ದರಂತೂ ಇನ್ನೂ ಬೇಗ ಹೇಳಬೇಕು.

ಇಷ್ಟೆಲ್ಲ ಆದ ಮೇಲೆ ವಾರ ಬಿಟ್ಟು ಇನ್ನೊಬ್ಬ ಫೋನ್ ಮಾಡುತ್ತಾನೆ: "ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಫೀಸ್ ಕಟ್ಟಿ." ಅವನೂ ಅದೇ ಗುಂಪಿನವನು.

ಪುಟ್ಟ ಮಕ್ಕಳು, 12ರವರೆಗೆ

ತೀರ ಚಿಕ್ಕವರ ವಿಷಯದಲ್ಲಿ ಹೇಳುವುದು ಕಡಿಮೆ. ಊಟ ಮಾಡಿಸಲು ಫೋನ್ ಕೊಡಬೇಡಿ ಅಂತ ನಾನು ಹೇಳಿದರೆ ನೀವು ಕೇಳುವುದಿಲ್ಲ, ನನ್ನ ಮನೆಯಲ್ಲೂ ಕೇಳಲಿಲ್ಲ. ಕೊಡುವುದಾದರೆ ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಹಾಕಿ ಕೊಡಿ. ಅದರಲ್ಲಿ ವಯಸ್ಸಿನ ಮೂರು ಹಂತಗಳಿವೆ: 4ರೊಳಗೆ, 5ರಿಂದ 8, 9ರಿಂದ 12. ನೀವೇ ಆರಿಸಿದ ವಿಡಿಯೋ ಮಾತ್ರ ಬರುವಂತೆಯೂ ಮಾಡಬಹುದು.

ಶಾಲೆಯ ಹೋಂವರ್ಕ್ ವಾಟ್ಸಾಪ್‌ಗೆ ಬರುತ್ತದೆ ಅಂತ ಅಮ್ಮನ ಫೋನ್ ಮಗುವಿನ ಕೈಗೆ ಹೋಗುತ್ತದಲ್ಲ, ತೊಂದರೆ ಅಲ್ಲಿಂದ ಶುರು. ಅದೇ ಫೋನಿನಲ್ಲಿ ಬ್ಯಾಂಕೂ ಇರುತ್ತದೆ. ಮೂರು ಕೆಲಸ ಮಾಡಿಡಿ. ಒಂದು, ಯುಪಿಐ ಮತ್ತು ಬ್ಯಾಂಕ್ ಆ್ಯಪ್‌ಗೆ ಆ್ಯಪ್ ಲಾಕ್. ಎರಡು, ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡುವುದು. ಆಟದಲ್ಲಿ ಡೈಮಂಡು, ಡ್ರೆಸ್ಸು ಅಂತ ಮಕ್ಕಳು ಒತ್ತುತ್ತಾ ಹೋಗುವುದು ಇಲ್ಲೇ. ಮೂರು, ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ನಿಂಗ್ ಆನ್ ಮಾಡಿ, ಮಗು ನೋಡುವ ಆ್ಯಪ್ ಒಂದನ್ನೇ ಪಿನ್ ಮಾಡಿ ಕೊಡುವುದು. ಪಿನ್ ತೆಗೆಯುವಾಗ ಲಾಕ್ ಕೇಳುವ ಆಯ್ಕೆಯೂ ಆನ್ ಇದ್ದರೆ, ನಿಮ್ಮ ಲಾಕ್ ಹಾಕದೆ ಅದರಿಂದ ಆಚೆ ಬರಲು ಆಗುವುದಿಲ್ಲ.

ಮಗುವಿಗೆ ಬೇರೆ ಫೋನೋ ಟ್ಯಾಬೋ ಇದ್ದರೆ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿ. ನೀವು ಒಪ್ಪದೆ ಹೊಸ ಆ್ಯಪ್ ಇಳಿಯುವುದಿಲ್ಲ. ರಾತ್ರಿ ಇಂತಿಷ್ಟು ಗಂಟೆಗೆ ಬೀಗ ಬೀಳುತ್ತದೆ.

ಇನ್ನು ಮಾತಿನ ಪಾಠ. ದುಗ್ಗಮ್ಮನ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಏನು ಹೇಳುತ್ತೇವೆ? ಕೈ ಬಿಡಬೇಡ, ಯಾರಾದರೂ ಮಿಠಾಯಿ ಕೊಡ್ತೀನಿ ಅಂದರೆ ಹೋಗಬೇಡ, ತಪ್ಪಿಸಿಕೊಂಡರೆ ಅಲ್ಲೇ ನಿಂತು ಪೊಲೀಸ್ ಮಾಮಾನಿಗೆ ಹೇಳು. ಆಟದಲ್ಲಿ ಚಾಟ್ ಮಾಡುವ ಅಪರಿಚಿತನಿಗೂ ಇದೇ ಪಾಠ ಹಚ್ಚಿ. ಅವನು "ನನಗೂ ಹತ್ತು ವರ್ಷ" ಅಂದರೆ ನಂಬಬೇಕಿಲ್ಲ. ಶಾಲೆ ಹೆಸರು, ಮನೆ ಇರುವ ಜಾಗ, ಫೋಟೋ, ಫೋನಿಗೆ ಬಂದ ನಂಬರ್ ಯಾವುದನ್ನೂ ಕೊಡಬಾರದು. "ಅಮ್ಮನಿಗೆ ಹೇಳಬೇಡ" ಅಂತ ಯಾರಾದರೂ ಅಂದರೆ, ಓಡಿ ಬಂದು ಅಮ್ಮನಿಗೆ ಹೇಳಬೇಕು. ಇದೊಂದನ್ನು ಮಗುವಿನ ಬಾಯಿಂದಲೇ ನಾಲ್ಕು ಸಲ ಹೇಳಿಸಿ.

13ರಿಂದ 17: ಬೀಗಕ್ಕಿಂತ ಸಲಿಗೆ ಜಾಸ್ತಿ ಬೇಕಾದ ವಯಸ್ಸು

ಇನ್‌ಸ್ಟಾಗ್ರಾಮ್‌ಗೆ ಕನಿಷ್ಠ ವಯಸ್ಸು 13. ಆರನೇ ಕ್ಲಾಸಿನವರೂ ಹುಟ್ಟಿದ ವರ್ಷ ಹಿಂದಕ್ಕೆ ತಳ್ಳಿ ಅಕೌಂಟ್ ತೆರೆಯುತ್ತಾರೆ. ಆ ಸುಳ್ಳಿನಿಂದ ಆಗುವ ನಷ್ಟ ಅವರಿಗೆ ಗೊತ್ತಿಲ್ಲ. 18ರೊಳಗಿನವರಿಗೆ ಅಲ್ಲಿ ಟೀನ್ ಅಕೌಂಟ್ ಅಂತ ಬೇರೆ ವ್ಯವಸ್ಥೆ ಇದೆ. ಭಾರತಕ್ಕೆ ಅದು 2025ರಲ್ಲಿ ಬಂತು. ಅಕೌಂಟ್ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಕಳಿಸಲು ಆಗುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಸುಮ್ಮನಿರುತ್ತದೆ. 16ರೊಳಗಿನವರು ಇದನ್ನು ಸಡಿಲ ಮಾಡಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಹುಟ್ಟಿದ ವರ್ಷ 2001 ಅಂತ ಹಾಕಿಕೊಂಡ ಹುಡುಗಿಗೆ ಇದ್ಯಾವುದೂ ಇಲ್ಲ. ಮಗಳ ಜೊತೆ ಕೂತು ಆ ವರ್ಷವನ್ನು ಸರಿಮಾಡಿಸಿ. ಅವಳ ಫೋನ್ ಕದ್ದು ನೋಡುವುದಕ್ಕಿಂತ ಇದರಿಂದ ಲಾಭ ಹೆಚ್ಚು.

ಹುಡುಗರ ಮನೆಯವರು "ನಮ್ಮದು ಗಂಡುಮಗು, ಏನಾಗುತ್ತೆ" ಅನ್ನುತ್ತಾರೆ. ಆಗುತ್ತದೆ. ಚೆಂದದ ಹುಡುಗಿಯ ಫೋಟೋ ಇರುವ ಅಕೌಂಟಿನಿಂದ ರಿಕ್ವೆಸ್ಟ್ ಬರುತ್ತದೆ. ನಾಲ್ಕು ದಿನ ಮಾತು. ಐದನೇ ದಿನ ವಿಡಿಯೋ ಕಾಲ್. ಆ ಕಡೆಯಿಂದ ರೆಕಾರ್ಡ್ ಆಗುತ್ತಿರುತ್ತದೆ. ಹತ್ತು ನಿಮಿಷ ಕಳೆಯುವುದರೊಳಗೆ "ನಿನ್ನ ಫಾಲೋವರ್‌ಗಳಿಗೆಲ್ಲ ಕಳಿಸ್ತೀನಿ, ದುಡ್ಡು ಹಾಕು" ಅನ್ನುವ ಮೆಸೇಜ್. ಈಗಂತೂ ಮಾಮೂಲಿ ಫೋಟೋಗೇ ಎಐ ಬಳಸಿ ಅಶ್ಲೀಲ ಚಿತ್ರ ಕಟ್ಟುತ್ತಾರೆ. ಮಗು ಏನೂ ಮಾಡಿರಲೇಬೇಕು ಅಂತಿಲ್ಲ.

ಹೀಗಾದಾಗ ಏನು ಮಾಡಬೇಕು ಅನ್ನುವುದನ್ನು ಆಗುವ ಮೊದಲೇ ಮಕ್ಕಳಿಗೆ ಹೇಳಿಟ್ಟಿರಬೇಕು:

- ಒಂದು ರೂಪಾಯಿಯೂ ಕೊಡಬೇಡ. ಕೊಟ್ಟವನು ಕೊಡುತ್ತಾನೆ ಅಂತ ಗೊತ್ತಾದರೆ ಮತ್ತೆ ಕೇಳುತ್ತಾರೆ.
- ಅಕೌಂಟ್ ಡಿಲೀಟ್ ಮಾಡಬೇಡ. ಮೊದಲು ಸ್ಕ್ರೀನ್‌ಶಾಟ್ ತೆಗಿ, ಅವನ ಪ್ರೊಫೈಲ್‌ನ ಲಿಂಕ್ ಉಳಿಸಿಕೋ, ಆ್ಯಪ್‌ನಲ್ಲಿ ರಿಪೋರ್ಟ್ ಮಾಡು, ಆಮೇಲೆ ಬ್ಲಾಕ್.
- ಮನೆಯಲ್ಲಿ ಒಬ್ಬರಿಗಾದರೂ ಹೇಳು. ಅಪ್ಪನಿಗೆ ಹೇಳಲಾಗದಿದ್ದರೆ ಅತ್ತೆಗೆ, ಮಾಮನಿಗೆ, ಟೀಚರ್‌ಗೆ. ಯಾರಿಗೂ ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ.
- ಚಿತ್ರ ಹರಡುವ ಭಯವಿದ್ದರೆ ಟೇಕ್ ಇಟ್ ಡೌನ್ ಅನ್ನುವ ಉಚಿತ ಸೇವೆ ಇದೆ, 18ರೊಳಗಿನ ವಯಸ್ಸಿನಲ್ಲಿ ತೆಗೆದ ಚಿತ್ರಗಳಿಗೆ. ಚಿತ್ರ ನಿನ್ನ ಫೋನಿನಿಂದ ಆಚೆ ಹೋಗುವುದಿಲ್ಲ. ಬೆರಳಚ್ಚಿನಂಥ ಒಂದು ಗುರುತು ಮಾತ್ರ ಹೋಗುತ್ತದೆ. ಅದನ್ನಿಟ್ಟುಕೊಂಡು ಆ ಸೇವೆಗೆ ಸೇರಿರುವ ಕಂಪನಿಗಳು ಚಿತ್ರವನ್ನು ಪತ್ತೆ ಮಾಡಿ ತೆಗೆಯುತ್ತವೆ. ದೊಡ್ಡವರಿಗೆ ಇದೇ ಥರದ್ದು ಸ್ಟಾಪ್ ಎನ್‌ಸಿಐಐ.

2012ರ ಪೋಕ್ಸೋ ಕಾಯ್ದೆ ಹುಡುಗಿಗೂ ಅನ್ವಯ, ಹುಡುಗನಿಗೂ ಅನ್ವಯ. ಅದರ ಇನ್ನೊಂದು ಮಗ್ಗಲನ್ನೂ ಮಕ್ಕಳಿಗೆ ಹೇಳಿ. ಕ್ಲಾಸ್‌ಮೇಟ್‌ನ ಅಂಥ ಚಿತ್ರ ಗ್ರೂಪಿಗೆ ಬಂತು, ತಮಾಷೆಗೆ ಮುಂದೆ ಕಳಿಸಿದೆ ಅಂದರೂ ಅಪರಾಧವೇ. ಐಟಿ ಕಾಯ್ದೆಯ 67ಬಿ ಕಲಂ ಇರುವುದೇ ಅದಕ್ಕೆ.

ಇನ್ನು ಆಟದಲ್ಲಿ ದುಡ್ಡು ಕಟ್ಟುವುದು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಆದರೂ ಟೆಲಿಗ್ರಾಮ್ ಗ್ರೂಪುಗಳಲ್ಲಿ ಕ್ರಿಕೆಟ್ ಬೆಟ್ಟಿಂಗ್ ಲಿಂಕ್ ಓಡಾಡುತ್ತಲೇ ಇರುತ್ತದೆ. ಐಪಿಎಲ್ ದಿನಗಳಲ್ಲಿ ಮಗನ ಕೈಯಲ್ಲಿ ದುಡ್ಡು ಏಕಾಏಕಿ ಜಾಸ್ತಿಯೋ ಕಡಿಮೆಯೋ ಆದರೆ ಮೆಲ್ಲಗೆ ವಿಚಾರಿಸಿ.

ಕಾಲೇಜು, ಮೊದಲ ಕೆಲಸ

ನಮ್ಮದು ಕಾಲೇಜುಗಳ ಊರು. ಹೊರಗಿನಿಂದ ಬಂದು ಪಿಜಿಯಲ್ಲಿ ಇರುವ ಹುಡುಗರು ಸಾವಿರಾರು. ಅವರಿಗೆ ಬರುವ ಆಮಿಷ ಮೇಲ್ನೋಟಕ್ಕೆ ಮೋಸದ ಹಾಗೆ ಕಾಣುವುದೇ ಇಲ್ಲ: "ನಿನ್ನ ಬ್ಯಾಂಕ್ ಖಾತೆ, ಎಟಿಎಂ, ಸಿಮ್ ಒಂದು ತಿಂಗಳು ಕೊಡು, ಐದು ಸಾವಿರ ತಗೋ." ಬೇರೆಯವರಿಂದ ದೋಚಿದ ಹಣ ದಾಟುವುದು ಇಂಥ ಬಾಡಿಗೆ ಖಾತೆಗಳಲ್ಲೇ. ಪೊಲೀಸರು ಹಿಂಬಾಲಿಸಿಕೊಂಡು ಬಂದಾಗ ಸಿಗುವ ಮೊದಲ ಹೆಸರು ಈ ಹುಡುಗನದು. ಖಾತೆ ಬಂದ್, ಮೇಲೆ ಕೇಸು. ಪಾಸ್‌ಪೋರ್ಟ್, ಸರ್ಕಾರಿ ನೌಕರಿ ಅಂದಾಗೆಲ್ಲ ಅದು ಎದ್ದು ನಿಲ್ಲುತ್ತದೆ. ಗೆಳೆಯನೇ ಕೇಳಿದರೂ ಕೊಡಬೇಡಿ. ಆ ಗೆಳೆಯನಿಗೂ ಯಾರಿಗಾಗಿ ಅಂತ ಗೊತ್ತಿರುವುದಿಲ್ಲ.

ಎರಡನೆಯದು ಮನೆಯಲ್ಲೇ ಕೂತು ದುಡಿಯುವ ಟಾಸ್ಕ್. ಹೋಟೆಲ್‌ಗೆ ಐದು ಸ್ಟಾರ್ ಕೊಟ್ಟರೆ 150 ರೂಪಾಯಿ. ಮೊದಲೆರಡು ದಿನ ನಿಜವಾಗಿಯೂ ಬರುತ್ತದೆ! ಆಮೇಲೆ "ಪ್ರೀಪೇಯ್ಡ್ ಟಾಸ್ಕ್" ಅಂತ ಅವರೇ ದುಡ್ಡು ಕೇಳುತ್ತಾರೆ. ಕೆಲಸ ಕೊಡುವವನು ದುಡ್ಡು ಕೊಡಬೇಕು, ಕೇಳಬಾರದು, ಅಲ್ವಾ?

ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣಕ್ಕೆ ಹೋಗಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಒಮ್ಮೆ ನೋಡಿ. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ತಿಳಿಸಬಹುದು.

ಈಗ ನನ್ನ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದೊಮ್ಮೆ ರಶ್ಶಿನಲ್ಲಿ ಒಬ್ಬ ಹುಡುಗಿಯ ಇಮೇಲ್ ಲಾಗ್‌ಔಟ್ ಆಗದೆ ನನ್ನ ಅಂಗಡಿಯ ಕಂಪ್ಯೂಟರ್‌ನಲ್ಲಿ ಇಡೀ ದಿನ ತೆರೆದೇ ಇತ್ತು. ರಾತ್ರಿ ಬಾಗಿಲು ಹಾಕುವಾಗ ನೋಡಿ ಎದೆ ಧಸಕ್ಕೆಂದಿತು. ಆದ್ದರಿಂದ ನನ್ನಂಥವರ ಅಂಗಡಿಗೆ ಬಂದಾಗ ಮುಲಾಜು ಬಿಟ್ಟು ಕೇಳಿ: "ಅಣ್ಣಾ, ಲಾಗ್‌ಔಟ್ ಮಾಡು. ನನ್ನ ಫೈಲ್ ಡಿಲೀಟ್ ಮಾಡು, ರೀಸೈಕಲ್ ಬಿನ್‌ನಿಂದಲೂ ತೆಗಿ." ಪಾಸ್‌ವರ್ಡ್ ನೀವೇ ಟೈಪ್ ಮಾಡಿ. ಆಧಾರ್ ಪ್ರತಿ ಕೊಡುವಾಗ ನಡೆಯುತ್ತದೆ ಅಂದರೆ ಮಾಸ್ಕ್ಡ್ ಆಧಾರ್ ಕೊಡಿ. ಯುಐಡಿಎಐ ತಾಣದಲ್ಲೇ ಸಿಗುತ್ತದೆ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ.

ಸಂಸಾರ, ವ್ಯಾಪಾರ, ಅವಸರ

ಮೂವತ್ತರಿಂದ ಐವತ್ತೈದರವರು ತಮಗೆಲ್ಲ ಗೊತ್ತು ಅಂದುಕೊಂಡಿರುತ್ತಾರೆ. ಗೊತ್ತೂ ಇರುತ್ತದೆ. ಅವರು ಬೀಳುವುದು ಅವಸರಕ್ಕೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲಾರಿ ಇಳಿಸುತ್ತಿರುವಾಗ ಫೋನಿಗೆ "ಟ್ರಾಫಿಕ್ ಚಲನ್" ಅಂತ ಒಂದು ಫೈಲ್ ಬರುತ್ತದೆ. ಒತ್ತಿದರೆ ಕೆಲಸ ಕೆಟ್ಟಿತು. ಫೈಲಿನ ಹೆಸರಿನ ಕೊನೆಗೆ ಎಪಿಕೆ ಅಂತಿದ್ದರೆ ಅದು ಪತ್ರವಲ್ಲ, ಆ್ಯಪ್. ಒಳಗೆ ಕೂತು ನಿಮ್ಮ ಓಟಿಪಿಯನ್ನೇ ಓದುತ್ತದೆ. ಮದುವೆ ಕರೆಯೋಲೆ, ಪಿಎಂ ಕಿಸಾನ್ ಕಂತು, ಬ್ಯಾಂಕ್ ಕೆವೈಸಿ ಅಂತ ವೇಷ ಬದಲಾಗುತ್ತದೆ ಅಷ್ಟೇ. ಪರಿಚಯದವರ ನಂಬರಿನಿಂದಲೂ ಬರುತ್ತದೆ, ಯಾಕಂದರೆ ಅವರ ಫೋನ್ ಮೊದಲೇ ಹೋಗಿರುತ್ತದೆ.

ತಡೆಯಲು ಒಂದೇ ನಿಮಿಷ ಸಾಕು. ಫೋನ್ ಸೆಟ್ಟಿಂಗ್ಸ್‌ನಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಅಂತ ಹುಡುಕಿ. ವಾಟ್ಸಾಪ್, ಟೆಲಿಗ್ರಾಮ್, ಕ್ರೋಮ್ ಎದುರಿಗೆಲ್ಲ ಆಫ್ ಮಾಡಿ.

ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕೊಡಲು. ಬರುವ ಹಣಕ್ಕೆ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಬೇಡ. ಹಳೇ ಫ್ರಿಜ್ ಮಾರಾಟಕ್ಕೆ ಹಾಕಿದಾಗ "ಅಡ್ವಾನ್ಸ್ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ" ಅಂದವನಿಗೆ ಅಲ್ಲೇ ನಮಸ್ಕಾರ ಹೇಳಿ. ಅಂಗಡಿಯವರು ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ, ಸೌಂಡ್‌ಬಾಕ್ಸ್ ಕೂಗಲಿ.

ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಅತಿ ಉಪಯೋಗದ ಕೆಲಸ ಇದು: ಯುಪಿಐಗೆ ಬೇರೆಯೇ ಒಂದು ಖಾತೆ. ತಿಂಗಳ ಖರ್ಚಿಗೆ ಬೇಕಾದಷ್ಟನ್ನೇ ಅದರಲ್ಲಿಡಿ. ಉಳಿತಾಯದ ಖಾತೆಯನ್ನು ಯಾವ ಆ್ಯಪ್‌ಗೂ ಜೋಡಿಸಬೇಡಿ. ಕಳ್ಳ ಒಳಗೆ ಬಂದರೂ ಸಿಗುವುದು ಪಡಸಾಲೆ ಮಾತ್ರ, ತಿಜೋರಿ ಇರುವ ಕೋಣೆ ಅಲ್ಲ.

ವಾಟ್ಸಾಪ್‌ಗೂ ಹತ್ತು ನಿಮಿಷ ಕೊಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್, ಅದರಲ್ಲಿ ಟು-ಸ್ಟೆಪ್ ವೆರಿಫಿಕೇಶನ್. 6 ಅಂಕಿಯ ಪಿನ್ ಹಾಕಿ. ಪ್ರೈವಸಿಯಲ್ಲಿ ಗ್ರೂಪ್ಸ್ ಅಂತಿದೆ, ಅಲ್ಲಿ ಮೈ ಕಾಂಟ್ಯಾಕ್ಟ್ಸ್ ಆರಿಸಿ. ಷೇರು ಮಾರುಕಟ್ಟೆಯ ದಿಢೀರ್ ಗುರುಗಳು ನಿಮ್ಮನ್ನು ಗ್ರೂಪಿಗೆ ಎಳೆಯುವುದು ಅಲ್ಲಿಗೆ ನಿಲ್ಲುತ್ತದೆ. ಲಿಂಕ್ಡ್ ಡಿವೈಸಸ್‌ನಲ್ಲಿ ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಕಂಡರೆ ತೆಗೆದುಹಾಕಿ.

ಅಜ್ಜ ಅಜ್ಜಿಯ ಫೋನು

ಹಿರಿಯರನ್ನು ಹಿಡಿಯುವುದು ಹೆದರಿಕೆಯಿಂದ. "ನಿಮ್ಮ ಆಧಾರ್ ಮೇಲೆ ಡ್ರಗ್ಸ್ ಪಾರ್ಸೆಲ್ ಬಂದಿದೆ, ಸಿಬಿಐನಿಂದ ಮಾತಾಡ್ತಿದ್ದೀವಿ, ವಿಡಿಯೋ ಆಫ್ ಮಾಡಿದರೆ ಅರೆಸ್ಟ್." ಹಿಂದೆ ಠಾಣೆಯ ಹಾಗೆ ಗೋಡೆ, ಮೈಮೇಲೆ ಖಾಕಿ. ಹೆಸರು ಡಿಜಿಟಲ್ ಅರೆಸ್ಟ್. ನಮ್ಮ ಕಾನೂನಿನಲ್ಲಿ ಅಂಥದ್ದೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯೇ ಇದನ್ನು ಹೇಳಿದ್ದರು. ಹುಷಾರಾಗಿರಿ ಅಂತ ನೂರು ಸಲ ಹೇಳುವುದಕ್ಕಿಂತ ಅಜ್ಜನ ಜೊತೆ ಒಮ್ಮೆ ನಾಟಕ ಆಡಿ. ನೀವೇ ಇನ್‌ಸ್ಪೆಕ್ಟರ್ ಆಗಿ ಗದರಿಸಿ, ಅವರು ಕಾಲ್ ಕಟ್ ಮಾಡಲಿ. ಮರ್ಯಾದೆಯ ಕಾಲದವರು ಅವರು. ಎದುರಿನವರು ಮಾತಾಡುತ್ತಿರುವಾಗ ಫೋನ್ ಇಡುವುದು ಅವರಿಗೆ ರೂಢಿಯೇ ಇಲ್ಲ. ಆ ರೂಢಿ ಕೈಗೆ ಹತ್ತಬೇಕು.

ಪಿಂಚಣಿದಾರರಿಗೆ ನವೆಂಬರ್ ತಿಂಗಳು ಜೀವಂತ ಪ್ರಮಾಣಪತ್ರದ ಕಾಲ. "ಫೋನಿನಲ್ಲೇ ಮಾಡಿಕೊಡ್ತೀವಿ, ಓಟಿಪಿ ಹೇಳಿ" ಅನ್ನುವ ಕರೆಗಳೂ ಬರುತ್ತವೆ. ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ನಂಬರ್ ಸರಣಿ ಇದೆ. ಮಾಮೂಲಿ ಮೊಬೈಲ್ ನಂಬರಿನಿಂದ ಬ್ಯಾಂಕ್ ಮ್ಯಾನೇಜರ್ ಅಂದರೆ ಅನುಮಾನ ಇರಲಿ. 1600ರಿಂದಲೇ ಬಂದರೂ ಓಟಿಪಿ ಹೇಳುವ ಮಾತೇ ಇಲ್ಲ.

ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ವ್ಯವಸ್ಥೆ ಹಳ್ಳಿಗಳಲ್ಲಿ ಅನುಕೂಲದ್ದೇ. ಬೆರಳಚ್ಚಿನ ನಕಲು ಮಾಡಿ ಹಣ ಎಗರಿಸಿದ ಪ್ರಕರಣಗಳೂ ಆಗಿವೆ. ಯುಐಡಿಎಐನ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಬಹುದು. ಆದರೆ ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಅಲ್ಲಿಗೆ ಹೋಗುವ ದಿನ ಮೊದಲೇ ತೆಗೆದುಕೊಟ್ಟು ಕಳಿಸಿ. ಇಲ್ಲದಿದ್ದರೆ ಅಜ್ಜಿ ಸಾಲಿನಲ್ಲಿ ನಿಂತು ನಿಮಗೇ ಶಾಪ ಹಾಕುತ್ತಾರೆ.

ಕೊನೆಯದು ದನಿ. ಮೊಮ್ಮಗನ ದನಿಯನ್ನೇ ಎಐನಿಂದ ಕಟ್ಟಿ "ಆಕ್ಸಿಡೆಂಟ್ ಆಗಿದೆ, ದುಡ್ಡು ಕಳಿಸು" ಅನ್ನಿಸಬಹುದು. ಇದಕ್ಕೆ ಆ್ಯಪ್ ಬೇಡ, ಮನೆಯವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಸಾಕು. ಫೇಸ್‌ಬುಕ್‌ನಲ್ಲಿ ಎಲ್ಲೂ ಇಲ್ಲದ್ದನ್ನು ಆರಿಸಿ. ಹುಟ್ಟಿದ ದಿನ, ಮನೆದೇವರು ಬೇಡ. ನಮ್ಮ ಮನೆಯಲ್ಲಿ ಊರಲ್ಲಿದ್ದ ಹಳೇ ಎಮ್ಮೆಯ ಹೆಸರು ಇಟ್ಟುಕೊಂಡಿದ್ದೇವೆ. ಮೊನ್ನೆ ಹರಿಹರಕ್ಕೆ ಹೋದಾಗ ನನ್ನ ಫೋನ್ ಚಾರ್ಜ್ ಮುಗಿದು ಗೆಳೆಯನ ಫೋನಿನಿಂದ ಅಪ್ಪಾಜಿಗೆ ಕಾಲ್ ಮಾಡಿದೆ. ಬರುವುದು ತಡವಾಗುತ್ತದೆ ಅಂತ ಹೇಳುವುದಿತ್ತು ಅಷ್ಟೇ. "ಎಮ್ಮೆ ಹೆಸರೇನಪ್ಪಾ?" ಅಂದರು. ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಎರಡು ಸಲ ಕೇಳಿ, ಕಟ್ ಮಾಡಿದರು.